ಜಂಬಮ್ಮ ಸೇಂದಿ ಬಿಟ್ಟ ವರ್ಷ

ಜಾಲಹಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಆ ಊರಿನಲ್ಲಿ ಜಂಬಮ್ಮ ಕುಡಿಯುತ್ತಾಳೆ ಎಂಬುದು ಯಾರಿಗೂ ಸುದ್ದಿಯಾಗಿರಲಿಲ್ಲ. ಹತ್ತಿ ಬಿಡಿಸಲು ಹೋಗುವ ಹೆಂಗಸರಲ್ಲಿ ಅರ್ಧ ಮಂದಿ ಕುಡಿಯುತ್ತಿದ್ದರು. ಇಡೀ ದಿನ ಬಗ್ಗಿದ ನಡು ಸಂಜೆಗೆ ನೆಟ್ಟಗಾಗಬೇಕಾದರೆ ಒಂದು ಸೀಸೆ ಸೇಂದಿ ಬೀಳಲೇಬೇಕು ಎಂದು ಅವರು ನಂಬಿದ್ದರು. ಅದು ಹೆಸರಿಗಷ್ಟೇ ಸೇಂದಿ, ಯಾವ ಈಚಲ ಮರದಿಂದಲೂ ಇಳಿದದ್ದಲ್ಲ. ನೀರಿಗೆ ಮತ್ತು ಬರಿಸುವ ಬಿಳಿ ಪೌಡರು, ಸ್ಯಾಕ್ರೀನು ಕಲಸಿ ಊರ ಹೊರಗಿನ ಗುಡಿಸಲಲ್ಲಿ ಮಾರುತ್ತಿದ್ದರು. ಒಂದು ಸೀಸೆ ಕುಡಿದರೆ ಮೈನೋವು ಹೋಗುತ್ತಿತ್ತು. ಅದರ ಜೊತೆಗೆ ಇನ್ನೂ ಏನೇನೋ ಹೋಗುತ್ತಿತ್ತು.

ಜಂಬಮ್ಮನಿಗೆ ನಲವತ್ತೊಂದು ವರ್ಷ. ಎತ್ತರದ ಆಳು, ಮಾತು ಕಡಿಮೆ, ಕೈ ಚುರುಕು. ಕುಡಿದು ಬಿದ್ದದ್ದನ್ನು, ಯಾರನ್ನಾದರೂ ಬೈದದ್ದನ್ನು ಒಬ್ಬರೂ ಕಂಡಿರಲಿಲ್ಲ. ಬೇರೆಯವರಿಗೂ ಅವಳಿಗೂ ಒಂದೇ ವ್ಯತ್ಯಾಸ. ಅವರು ಸಂಜೆ ಕುಡಿದರೆ ಜಂಬಮ್ಮ ಹಗಲು ಹನ್ನೊಂದಕ್ಕೇ ಸೀಸೆ ಬಿಚ್ಚುತ್ತಿದ್ದಳು. ಹನ್ನೆರಡರಿಂದ ಎರಡರವರೆಗೆ ಅವಳ ಕೈ ಹತ್ತಿ ಬಿಡಿಸುತ್ತಿತ್ತು, ಆದರೆ ಕಣ್ಣು ಅಲ್ಲಿರುತ್ತಿರಲಿಲ್ಲ.

ಗಂಡ ಹನುಮಂತ್ರಾಯ ಕುರಿ ಕಾಯುವವನು. ಹನಿ ಸೇಂದಿಯನ್ನೂ ಬಾಯಿಗೆ ಹಾಕದವನು. ಹೆಂಡತಿಗೆ ಮೈಯಲ್ಲಿ ಹುಷಾರಿಲ್ಲದ ದಿನ ಆತನೇ ಗುಡಿಸಲಿಗೆ ಹೋಗಿ ಸೀಸೆ ತಂದು ಕೊಡುತ್ತಿದ್ದ. ಓಣಿಯ ಹೆಂಗಸರು ಇದನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರ ಗಂಡಂದಿರು ತಾವೇ ಕುಡಿದು ಬಂದು ಹೊಡೆಯುವವರು.

ಹೋದ ವರ್ಷ ದೀಪಾವಳಿಗೆ ಒಂದು ವಾರ ಮುಂಚೆ ಅಬಕಾರಿಯವರು ಬಂದರು. ಗುಡಿಸಲಿನ ಡ್ರಮ್ಮುಗಳನ್ನು ಉರುಳಿಸಿ, ಮಾರುತ್ತಿದ್ದವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸೇಂದಿ ಸಿಗದೆ ಎರಡನೆಯ ದಿನದಿಂದ ಊರು ಬೇರೆಯೇ ಆಯಿತು. ಕಟ್ಟೆಯ ಮೇಲೆ ಕುಳಿತ ಗಂಡಸರ ಕೈಯಲ್ಲಿ ಬೀಡಿ ನಿಲ್ಲಲಿಲ್ಲ. ಮುದುಕ ತಾಯಪ್ಪನಿಗೆ ಫಿಟ್ಸ್ ಬಂದು ಟಂಟಂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಒಬ್ಬಾಕೆ ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕಸಬರಿಗೆ ಹಿಡಿದು ಹೊಡೆಯುತ್ತಲೇ ಇದ್ದಳು.

ಮೂರನೆಯ ದಿನ, ನೆತ್ತಿಯ ಮೇಲೆ ಬಿಸಿಲಿದ್ದಾಗ, ಜಂಬಮ್ಮನಿಗೆ ಹತ್ತಿ ಸಾಲುಗಳ ನಡುವಿನಿಂದ ಕೂಸು ಅಳುವುದು ಕೇಳಿತು. ಯಾರ ಕೂಸು ಎಂದು ಅವಳು ತಿರುಗಿ ನೋಡಲಿಲ್ಲ. ಅವಳಿಗೆ ಗೊತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಅವಳಿಗೊಂದು ಗಂಡು ಮಗುವಿತ್ತು. ಹೆಸರು ಕನಕರಾಜ. ಎಂಟು ತಿಂಗಳ ಕೂಸು. ಆವತ್ತು ಅದಕ್ಕೆ ಮೈ ಬೆಚ್ಚಗಿತ್ತು, ಬೆಳಗಿನಿಂದ ಒಂದೇ ಸಮನೆ ಅಳು. ಹೊಲದ ಬದುವಿನ ಬೇವಿನ ಮರಕ್ಕೆ ಸೀರೆ ಜೋಳಿಗೆ ಕಟ್ಟಿ ಮಲಗಿಸಿದ್ದಳು. ಸುಮ್ಮನಾಗಲಿಲ್ಲ. ಕೆಲಸ ಮಾಡಿಸುವವನು ದೂರದಿಂದ ನೋಡುತ್ತಿದ್ದ. ಜಂಬಮ್ಮ ಸೀಸೆಯ ಮುಚ್ಚಳದಲ್ಲಿ ಎರಡು ಗುಟುಕು ಸೇಂದಿ ಹಾಕಿ ಕೂಸಿಗೆ ಕುಡಿಸಿದಳು. ಅವಳ ತಾಯಿ ಅವಳಿಗೂ ಹಾಗೇ ಕುಡಿಸಿ ಬೆಳೆಸಿದ್ದಳು, ಅತ್ತೆಯೂ ತನ್ನ ಮಕ್ಕಳಿಗೆ ಕುಡಿಸಿದವಳೇ. ಕೂಸು ಮಲಗಿತು. ಜಂಬಮ್ಮ ನಿಶ್ಚಿಂತೆಯಿಂದ ಸಾಲು ಹಿಡಿದಳು. ಮಧ್ಯಾಹ್ನ ಎದೆ ಬಿಗಿದು ಹಾಲು ಸೋರಿ ಕುಪ್ಪಸ ತೊಯ್ದಾಗ, ಕೂಸು ಇಷ್ಟೊತ್ತಾದರೂ ಯಾಕೆ ಎದ್ದಿಲ್ಲ ಎಂದು ಬದುವಿನ ಕಡೆ ನಡೆದಳು.

ಜ್ವರ ನೆತ್ತಿಗೇರಿತು ಎಂದರು ಜನ. ಸಂಜೆಯೊಳಗೆ ಮಣ್ಣು ಮಾಡಿದರು. ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರಡು ವರ್ಷಕ್ಕೆ ಕಾವ್ಯಾ ಹುಟ್ಟಿದಳು. ಆ ಹುಡುಗಿಯನ್ನು ಜಂಬಮ್ಮ ಒಂದು ದಿನವೂ ಹೊಲಕ್ಕೆ ಒಯ್ಯಲಿಲ್ಲ, ಅತ್ತೆಯ ಹತ್ತಿರ ಬಿಟ್ಟೇ ಹೋಗುತ್ತಿದ್ದಳು. ಆದರೂ ಹೊಲದಲ್ಲಿ ಬಿಸಿಲೇರಿದಂತೆ ಹೋದ ಕೂಸಿನ ಅಳು ಕೇಳತೊಡಗುತ್ತಿತ್ತು. ಕುಡಿದರೆ ಕೇಳುತ್ತಿರಲಿಲ್ಲ.

ಹಬ್ಬಕ್ಕೆ ದೇವದುರ್ಗದ ಹಾಸ್ಟೆಲಿನಿಂದ ಕಾವ್ಯಾ ಊರಿಗೆ ಬಂದಳು. ತಾಯಿ ಒಳಕೋಣೆಯಲ್ಲಿ ಜೋಳದ ಚೀಲಗಳ ಸಂದಿಯಲ್ಲಿ ಕುಳಿತು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ರಟ್ಟೆಯಲ್ಲಿ ಹನುಮಂತ್ರಾಯ ಕಟ್ಟಿಸಿದ ಹೊಸ ತಾಯತವಿತ್ತು.

"ಯವ್ವಾ, ಏನ್ ಕೇಳಾಕತ್ತದ ನಿನಗ?"

"ಏನಿಲ್ಲ. ಕೈ ನಡಗ್ತಾವ, ಅಷ್ಟ."

ಕಾವ್ಯಾ ತಂದೆಗೆ ಹೇಳಿ, ಮರುದಿನವೇ ತಾಯಿಯನ್ನು ಬಸ್ಸಿಗೆ ಹತ್ತಿಸಿದಳು. ಅಂದು ಮಂಗಳವಾರ. ದೇವದುರ್ಗದ ಆಸ್ಪತ್ರೆಗೆ ರಾಯಚೂರಿನಿಂದ ಮನೋರೋಗದ ಡಾಕ್ಟರು ಬರುವ ದಿನ. ಅವರು ಜಂಬಮ್ಮನ ಕಣ್ಣು, ನಾಲಿಗೆ ನೋಡಿದರು, ಎಷ್ಟು ವರ್ಷದಿಂದ ಎಂದು ಕೇಳಿದರು. ಪೌಡರಿನ ಸೇಂದಿಯನ್ನು ಒಮ್ಮೆಗೇ ಬಿಟ್ಟರೆ ಜೀವಕ್ಕೇ ಸಂಚಕಾರ ಎಂದು ಕಾವ್ಯಾಳಿಗೆ ಬಿಡಿಸಿ ಹೇಳಿ, ನಾಲ್ಕು ದಿನ ಅಲ್ಲಿಯೇ ಇರಿಸಿಕೊಂಡು ಗುಳಿಗೆ ಕೊಡಲು ನರ್ಸಿಗೆ ಹೇಳಿದರು. ತಾವು ರಾಯಚೂರಿಗೆ ಹೊರಡುವಾಗ ಒಂದು ಚೀಟಿ ಬರೆದುಕೊಟ್ಟರು.

"ಗುಳಗಿ ನಡಗೋದನ್ನ ನಿಲ್ಲಸ್ತದ. ಯಾಕ ಕುಡೀತಾರ ಅನ್ನೋದು ಗುಳಗಿಗಿ ಗೊತ್ತಾಗಂಗಿಲ್ಲ. ಅದಕ್ಕ ಎದರಿಗಿ ಕುಂತು ಮಾತಾಡೋರು ಬೇಕು. ಈ ಚೀಟಿ ತಗೊಂಡು ರಾಯಚೂರಿಗೆ ಹೋಗ್ರಿ."

ಹತ್ತು ದಿನದಲ್ಲಿ ಕೈ ನಡುಕ ನಿಂತಿತು. ಊಟ ಸೇರತೊಡಗಿತು. ಅಳು ಮಾತ್ರ ನಿಲ್ಲಲಿಲ್ಲ. ಮೊದಲು ಹೊಲದಲ್ಲಿದ್ದದ್ದು ಈಗ ಮನೆಯ ಅಂಗಳಕ್ಕೂ ಬಂತು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಹನುಮಂತ್ರಾಯ ಅದನ್ನು ಕಂಡರೂ ಕಾಣದವನಂತೆ ಎದ್ದು ಕುರಿ ಹಟ್ಟಿಗೆ ಹೋಗುತ್ತಿದ್ದ.

ರಾಯಚೂರಿನಲ್ಲಿ ಅವರಿಗೆ ಪರಿಚಯದವರು ಯಾರೂ ಇರಲಿಲ್ಲ. ಮಾನ್ವಿಯಲ್ಲಿ ಹನುಮಂತ್ರಾಯನ ದೂರದ ತಮ್ಮ ನಿಂಗರಾಜ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ. ಕುಡಿತ ಬಿಡಿಸುವ ಖಾಸಗಿ ಕೇಂದ್ರವೊಂದು ಅಲ್ಲಿದೆ, ತಮ್ಮ ಸಾವುಕಾರರ ಮಗನನ್ನು ಅಲ್ಲಿಯೇ ಇಟ್ಟಿದ್ದರು ಎಂದು ಆತ ಫೋನು ಮಾಡಿದ. ತಾಯಿ ಮಗಳು ಮಾನ್ವಿಗೆ ಹೋದರು. ಊರಾಚೆ ಎರಡು ಅಂತಸ್ತಿನ ಮನೆ, ಕಿಟಕಿಗಳಿಗೆಲ್ಲ ಕಬ್ಬಿಣದ ಜಾಳಿಗೆ. ಮೇಜಿನ ಹಿಂದೆ ಕುಳಿತವನು ಕಾವ್ಯಾಳ ಮಾತು ಮುಗಿಯುವ ಮೊದಲೇ ತಲೆ ಅಲ್ಲಾಡಿಸಿದ.

"ಹೆಂಗಸರನ್ನ ತಗೊಳಂಗಿಲ್ರೀ. ಹೆಂಗಸರು ಕುಡೀತಾರಂತ ಯಾರ ಬರ್ತಾರ ಇಲ್ಲಿಗಿ?"

ಆತನ ತುಟಿಯಲ್ಲಿ ನಗುವಿತ್ತು. ಜಂಬಮ್ಮ ತಲೆ ಮೇಲಿನ ಸೆರಗು ಎಳೆದುಕೊಂಡು ಹೊರಬಂದಳು. ಮೇಲಿನ ಕಿಟಕಿಯಿಂದ ಯಾರೋ ಕರೆದರು. ಜಾಳಿಗೆಯ ಹಿಂದೆ ಒಂದು ಮುಖ, ಬೋಳಿಸಿದ ತಲೆ.

"ಯಕ್ಕಾ, ಕವಿತಾಳದ ಬಸ್ಸಿಗೇನು? ನಮ್ಮ ಮನಿ ಅಲ್ಲೇ ಅದ. ನಾ ಇನ್ನ ಬದುಕೀನಿ ಅಂತ ಹೇಳಿ ಹೋಗು."

ಅಂಥ ಯಾವ ಮನೆಯನ್ನೂ ಅವಳು ಹುಡುಕಲಾರಳು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆಕೆ ಹೂಂ ಎಂದಳು. ಆ ಮುಖ ಬಹಳ ದಿನ ಅವಳ ಜೊತೆ ಉಳಿಯಿತು.

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಕಾವ್ಯಾ ನೀರು ತರಲು ಹೋಗಿ ಬರುವಷ್ಟರಲ್ಲಿ ತಾಯಿ ಇರಲಿಲ್ಲ. ಅರ್ಧ ತಾಸು ಹುಡುಕಿದ ಮೇಲೆ ಹಿಂದಿನ ಓಣಿಯ ಗೋಡೆಗೆ ಒರಗಿ ಕುಳಿತದ್ದು ಕಂಡಿತು. ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಸೀಸೆ. ಮುಖ ಶಾಂತವಾಗಿತ್ತು, ಸತ್ತವರ ಮುಖದಷ್ಟು ಶಾಂತ. ಕಾವ್ಯಾ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಅತ್ತಳು. ಆಮೇಲೆ ದೇವದುರ್ಗದ ಡಾಕ್ಟರು ಕೊಟ್ಟ ಚೀಟಿ ತೆಗೆದು, ಅದರ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ.

"ಕುಡದಾರೇನು ಈಗ? ಇರಲಿ. ಬೈಬ್ಯಾಡವ್ವ. ಗುರುವಾರ ಕರಕೊಂಡು ಬಾ. ನಾ ಇರ್ತೀನಿ."

ಅವರೇ ಗುಲ್ಶನ್ ಬೇಗಂ. ಐವತ್ತು ದಾಟಿದ ಆಪ್ತ ಸಮಾಲೋಚಕಿ. ರಾಯಚೂರಿನ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಪಕ್ಕದ ಸಣ್ಣ ಕೋಣೆ ಅವರದು. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಬ್ಬಿಣದ ಕಪಾಟು. ಮೊದಲ ಗುರುವಾರ ಜಂಬಮ್ಮ ಮುಕ್ಕಾಲು ತಾಸು ತುಟಿ ಬಿಚ್ಚಲಿಲ್ಲ. "ಮಾತಾಡ್ಬೇಕಂತ ಏನಿಲ್ಲ. ಕುಂದ್ರಿ," ಎಂದು ಹೇಳಿ ಗುಲ್ಶನ್ ಬೇಗಂ ತಾವೂ ಸುಮ್ಮನೆ ಕುಳಿತರು. ಎರಡನೆಯ ಗುರುವಾರ ಕುರಿಗಳ ಮಾತಾಯಿತು, ಕಾವ್ಯಾಳ ಓದಿನ ಮಾತಾಯಿತು.

ಮೂರನೆಯ ಸಲ ಬಸ್ಸು ತಡವಾಗಿ, ಇವರು ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಕಾವ್ಯಾ ಹೊರಗೆ ಉಳಿದಳು. ಸ್ವಲ್ಪ ಹೊತ್ತಿನಲ್ಲೇ ಜಂಬಮ್ಮನ ಕುತ್ತಿಗೆ ಒಂದು ಬದಿಗೆ ವಾಲಿ ಬಿಗಿಯಿತು.

"ಈಗ ಏನರ ಕೇಳಾಕತ್ತದೇನು?"

"ಹೂಂ."

"ಯಾರ ಅದು?"

ಜಂಬಮ್ಮ ಹೇಳಿದಳು. ಬೇವಿನ ಮರ, ಮುಚ್ಚಳ, ಎರಡು ಗುಟುಕು, ತೊಯ್ದ ಕುಪ್ಪಸ. ಹೇಳುವಾಗ ಅಳಲಿಲ್ಲ. ಬೇರೆ ಯಾರದೋ ಊರಿನಲ್ಲಿ ನಡೆದದ್ದನ್ನು ಹೇಳುವಂತೆ ಹೇಳಿ, ಕೊನೆಗೆ ಕೇಳಿದಳು.

"ನಾನಾ ಕೊಂದೆನೇನ್ರೀ ಮೇಡಮ್ಮೋರೆ?"

ಗುಲ್ಶನ್ ಬೇಗಂ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಸೇಂದಿಯಿಂದ ಹೋಗಿರಬಹುದು. ಜ್ವರದಿಂದಾನೂ ಹೋಗಿರಬಹುದು. ನಾ ಅಲ್ಲಿರಲಿಲ್ಲ, ಯಾವ ಡಾಕ್ಟರೂ ನೋಡಿಲ್ಲ. ನಿಮ್ದೇನೂ ಇಲ್ಲ ಬಿಡ್ರಿ ಅಂತ ನಾ ಸುಳ್ಳ ಹೇಳಿದ್ರ, ನೀವು ಆ ಬಾಗಲಾ ದಾಟಿ ಮತ್ತ ಬರಂಗಿಲ್ಲ. ಕೊಲ್ಲಬೇಕಂತ ಕುಡಿಸಿದ್ದಲ್ಲ, ಮಲಗಲಿ ಅಂತ ಕುಡಿಸಿದ್ರಿ. ಅಷ್ಟು ಮಾತ್ರ ಖರೇ ಅಂತ ನಾ ಹೇಳಬಲ್ಲೆ."

ಇಪ್ಪತ್ತು ವರ್ಷದಿಂದ ಜ್ವರ, ದೇವರ ಇಚ್ಛೆ ಎಂಬುದನ್ನಷ್ಟೇ ಕೇಳಿದ್ದ ಜಂಬಮ್ಮ ಆಗ ಅತ್ತಳು. ಅತ್ತು ಮುಗಿದ ಮೇಲೆ ಗುಲ್ಶನ್ ಬೇಗಂ ಕೇಳಿದರು, "ಮನ್ಯಾಗ ಯಾರಿಗರ ಗೊತ್ತದೇನು ಇದು?"

ಯಾರಿಗೂ ಇಲ್ಲ ಎಂದಳು. ಹಾಗೆಂದೇ ಅವಳು ತಿಳಿದಿದ್ದಳು.

ಗಂಡನಿಗೆ ಹೇಳಲು ಅವಳಿಗೆ ಇನ್ನೂ ಹದಿನೈದು ದಿನ ಬೇಕಾಯಿತು. ಒಂದು ಮುಂಜಾನೆ ಹನುಮಂತ್ರಾಯ ಹಟ್ಟಿಯಲ್ಲಿ ಕುರಿಯೊಂದನ್ನು ಮಲಗಿಸಿಕೊಂಡು ಗೊರಸು ಕತ್ತರಿಸುತ್ತಿದ್ದ. ಜಂಬಮ್ಮ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದಳು. ಆತ ತಲೆ ಎತ್ತಲಿಲ್ಲ. ಕುರಿಯ ಕಾಲನ್ನೂ ಬಿಡಲಿಲ್ಲ.

"ಆವತ್ತು ಮುಂಜಾನಿ ನೀ ನೀರಿಗಿ ಹೋಗಿದ್ದಿ," ಎಂದ. "ಕೂಸು ಬಿಡಲಾರದಂಗ ಅಳಾಕತ್ತಿತ್ತು. ನಾನೂ ಕುಡಿಸಿದ್ದೆ."

ಜಂಬಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ನೀ ಹೊಲದಾಗ ಮತ್ತ ಕುಡಿಸಿದಿ ಅಂತ ಜೋಳಿಗ್ಯಾಗ ಬಿದ್ದಿದ್ದ ಮುಚ್ಚಳದ ವಾಸನಿಂದ ಗೊತ್ತಾತು. ನಾ ಕುಡಿಸಿರದಿದ್ರ ನಿನ್ನ ಎರಡು ಗುಟುಕಿಗಿ ಏನೂ ಆಗ್ತಿರಲಿಲ್ಲೇನೋ. ಹೆಂಗ ಹೇಳ್ಲಿ?"

ಅವಳಿಗೆ ಒಂದೊಂದೇ ನೆನಪಾಯಿತು. ಕೂಸು ಹೋಗುವ ತನಕ ಆತನೂ ಕುಡಿಯುತ್ತಿದ್ದ. ಮಣ್ಣು ಮಾಡಿದ ದಿನ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಆದರೆ ಅವಳಿಗೆ ಮಾತ್ರ ತನ್ನ ಕೈಯಾರೆ ಸೀಸೆ ತಂದು ಕೊಟ್ಟಿದ್ದ. ಅದು ಪ್ರೀತಿಯಲ್ಲ, ಅವಳು ಎಚ್ಚರವಾಗಿದ್ದು ಒಂದು ದಿನ ತನ್ನನ್ನೇ ಕೇಳಿಬಿಟ್ಟಾಳು ಎಂಬ ಹೆದರಿಕೆ. ಇಪ್ಪತ್ತು ವರ್ಷ ಒಂದೇ ಹಾಸಿಗೆಯಲ್ಲಿ ಇಬ್ಬರೂ ಒಂದೇ ಕೂಸನ್ನು ಬಚ್ಚಿಟ್ಟುಕೊಂಡು ಮಲಗಿದ್ದರು.

ಒಂಬತ್ತು ದಿನ ಅವಳು ಗಂಡನೊಡನೆ ಮಾತಾಡಲಿಲ್ಲ. ಸೇಂದಿಯ ಗುಡಿಸಲು ಅಷ್ಟೊತ್ತಿಗೆ ಇನ್ನೊಂದು ಕಡೆ ಎದ್ದಿತ್ತು. ಎರಡು ಸಲ ಅದರ ದಾರಿ ಹಿಡಿದಳು. ಮೊದಲ ಸಲ ಕುಡಿದಳು. ಎರಡನೆಯ ಸಲ ಹಳ್ಳದ ತನಕ ಹೋಗಿ ಕುಳಿತು, ಕಾವ್ಯಾಳಿಗೆ ಫೋನು ಮಾಡಿ, ನಿನಗೊಬ್ಬ ಅಣ್ಣ ಇದ್ದ ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಎಲ್ಲ ಕೇಳಿದ ಮೇಲೆ ಆ ಹುಡುಗಿ "ಮನಿಗಿ ಹೋಗು ಯವ್ವಾ, ನಾ ಬರ್ತೀನಿ" ಎಂದಳು.

ಈಗ ಎಂಟು ತಿಂಗಳಾಯಿತು. ಜಂಬಮ್ಮ ಮತ್ತೆ ಕುಡಿದಿಲ್ಲ. ಅಳು ಪೂರ್ತಿ ನಿಂತಿಲ್ಲ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಬರುತ್ತದೆ. ಬಂದಾಗ ಕಿವಿ ಮುಚ್ಚಿಕೊಳ್ಳಬೇಡಿ ಎಂದು ಗುಲ್ಶನ್ ಬೇಗಂ ಹೇಳಿದ್ದಾರೆ. ಅದು ನಿಲ್ಲುವವರೆಗೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತಿರುತ್ತಾಳೆ. ಹೆದರಿಕೆ ಇನ್ನೂ ಇದೆ. ಗಂಡನನ್ನು ಕ್ಷಮಿಸಿದ್ದಾಳೋ ಇಲ್ಲವೋ ಅವಳಿಗೇ ತಿಳಿಯದು.

ಹೋದ ಗುರುವಾರ ರಾಯಚೂರಿಗೆ ಅವಳ ಜೊತೆ ಹನುಮಂತ್ರಾಯನೂ ಬಂದ. ಕರೆದವರಿಲ್ಲ, ಬಸ್ಸು ಹೊರಡುವಾಗ ತಾನೇ ಬಂದು ಹತ್ತಿದ. ಆಸ್ಪತ್ರೆಯಲ್ಲಿ ಗುಲ್ಶನ್ ಬೇಗಂ ಬಾಗಿಲಿಗೆ ಬಂದಾಗ ಜಂಬಮ್ಮ ಹೊರಗಿನ ಬೆಂಚಿನಿಂದ ಏಳಲಿಲ್ಲ.

"ಇವತ್ತು ಇವರನ್ನ ಕರಕೊಳ್ರಿ," ಎಂದಳು.

ಹನುಮಂತ್ರಾಯ ಹೆಗಲ ಮೇಲಿನ ಕಂಬಳಿಯನ್ನು ಮಡಚಿ ಅವಳ ಪಕ್ಕದಲ್ಲಿಟ್ಟು ಒಳಗೆ ಹೋದ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಡನ ತಗ್ಗಿದ ದನಿ ಕೇಳಿತು, ನಿಂತು ನಿಂತು. ಮಾತು ತಿಳಿಯಲಿಲ್ಲ, ಅವಳು ಕಿವಿಗೊಡಲೂ ಇಲ್ಲ. ಎರಡು ಗಂಟೆಯ ದೇವದುರ್ಗದ ಬಸ್ಸು ತಪ್ಪಿತು. ಮುಂದಿನದು ನಾಲ್ಕಕ್ಕೆ ಎಂದು ಕಾವಲುಗಾರ ಹೇಳಿದ. ಜಂಬಮ್ಮ ಬೆಂಚಿನ ಮೇಲೆ ಕಾಲು ಮಡಚಿ, ಇನ್ನಷ್ಟು ಹಿಂದಕ್ಕೆ ಸರಿದು ಕುಳಿತಳು.