ಹಡಗಿನ ಮೇಲೆ ಗ್ಯಾನಮ್ಮನ ಪಾರ್ಟು

ನಮ್ಮ ದೊಡ್ಡಪ್ಪ ದುರುಗಪ್ಪ ದೊಡ್ಡ ಯುದ್ಧಕ್ಕೆ ಹೋಗಿ ಬಂದವನೆಂದು ಬಳಗಾನೂರಿನಲ್ಲಿ ಅವನಿಗೆ ಕುರ್ಚಿ ಹಾಕುತ್ತಿದ್ದರು. ಹೋಗಿದ್ದು ನಿಜ. ಆದರೆ ಅವನಿಗೆ ಹೆಸರು ಬಂದದ್ದು ಬಂದೂಕಿನಿಂದಲ್ಲ, ಸೀರೆಯಿಂದ. ಊರ ದೊಡ್ಡಾಟದಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದ ಮನುಷ್ಯ. ಮುಂಬಯಿ ಬಿಟ್ಟ ಹಡಗಿನಲ್ಲಿ ಸಿಪಾಯಿಗಳೆಲ್ಲ ವಾಂತಿ ಮಾಡಿಕೊಂಡು ಬಿದ್ದಿದ್ದಾಗ, ಇವರನ್ನು ನಗಿಸುವವರು ಯಾರಾದರೂ ಇದ್ದೀರಾ ಎಂದು ಸಾಹೇಬರು ಕೇಳಿದರಂತೆ. ದೊಡ್ಡಪ್ಪ ಎದ್ದು ನಿಂತ. ಹಾಸ್ಯಗಾರನಾಗಿ ಮಸ್ಕಿಯ ಬಾಬುಸಾಬ್ ಜೊತೆಯಾದ.

"ಹಡಗಿನ್ಯಾಗ ನಾ ದ್ರೌಪದಿ ಆಗಿದ್ದೆ" ಎಂದು ದೊಡ್ಡಪ್ಪ ಮನೆಯಲ್ಲಿ ಹೇಳುತ್ತಿದ್ದ. ಅವನ ಹೆಂಡತಿ, ನಮ್ಮ ದೊಡ್ಡವ್ವ ಗ್ಯಾನಮ್ಮ, ನೀರಿಗೆ ಹೋದಲ್ಲೆಲ್ಲ ಅದನ್ನು ಹೇಳಿಕೊಂಡು ಬರುತ್ತಿದ್ದಳು. ಪಾಪ, ಅವಳಿಗೆ ಅಷ್ಟು ಹೆಮ್ಮೆ.

ನಮ್ಮ ಕಡೆ ಕಾಲುವೆ ಅಗೆಯುತ್ತಿದ್ದ ವರ್ಷ ಬಾಬುಸಾಬ್ ಅಲ್ಲಿಗೆ ಮೇಸ್ತ್ರಿಯಾಗಿ ಬಂದ. ಒಂದು ಸಂಜೆ ಕೂಲಿಯವರಿಗಾಗಿ ಆಟ ಇಟ್ಟರು; ದೊಡ್ಡಪ್ಪನದು ದ್ರೌಪದಿಯ ಪಾರ್ಟು. ಹೆಣ್ಣು ಪಾರ್ಟಿನವನ ಸೀರೆ ಅವನ ಮನೆಯಿಂದಲೇ ಬರಬೇಕು, ಅದು ನಮ್ಮಲ್ಲಿಯ ಪದ್ಧತಿ. ದೊಡ್ಡವ್ವ ಪೆಟ್ಟಿಗೆಯಿಂದ ತನ್ನ ಇಳಕಲ್ ಸೀರೆ ತೆಗೆದು, ತಾನೇ ನೆರಿಗೆ ಹಿಡಿದು ಉಡಿಸಿದಳು. ಆಗಷ್ಟೇ ಮದುವೆಯಾಗಿದ್ದ ನನ್ನನ್ನೂ ಎಳೆದುಕೊಂಡು ಹೋಗಿ ಮುಂದೆಯೇ ಕೂತಳು.

ದ್ರೌಪದಿಯ ಅಳು ಯಾರಿಗೆ ಬೇಕು? ಹಗಲೆಲ್ಲ ಮಣ್ಣು ಹೊತ್ತ ಜನ ಆಕಳಿಸಿ ಏಳತೊಡಗಿದರು. ಬಾಬುಸಾಬ್ ತಗಡಿನ ಡಬ್ಬಿಯೊಂದನ್ನು ತಲೆಗೆ ಸಾಹೇಬನ ಟೊಪ್ಪಿಗೆ ಮಾಡಿಕೊಂಡು ಕೂಗಿದ: "ಕುಂದರ್ರೀ, ಹಡಗನ್ನೆಲ್ಲ ನಗಿಸಿದ್ದ ಆಟ ತೋರಸ್ತೀವಿ. ಯಾಕವ್ವ, ಗಂಡ ದಂಡಿಗೆ ಹೊಂಟರ ನೀ ಟೇಸನಿಗೆ ಯಾಕ ಬಂದಿ?"

"ಬ್ಯಾಡಲೇ ಬಾಬು, ಆಣಿ ಮಾಡಿದ್ದಿ," ಎಂದ ದೊಡ್ಡಪ್ಪ, ಮೆಲ್ಲಗೆ.

ಹಾಸ್ಯಗಾರ ಎಸೆದ ಮಾತನ್ನು ಹೆಣ್ಣು ಪಾರ್ಟಿನವ ಹಿಡಿಯಲೇಬೇಕು, ಬಿಟ್ಟರೆ ಆಟ ಸತ್ತಂತೆ. ಬಾಬುಸಾಬ್ ಮತ್ತೆ ಕೇಳಿದ. ಎದ್ದ ಜನ ಹೋಗದೆ ನಿಂತರು. ದೊಡ್ಡಪ್ಪ ಅವರನ್ನೊಮ್ಮೆ ನೋಡಿದ, ಸೆರಗು ತಲೆಗೆಳೆದುಕೊಂಡ. "ಸಾಹೇಬಾ, ನನ್ನ ಗಂಡ ರೊಟ್ಟಿ ಉಂಡಿಲ್ಲರೀ. ಒಂದೀಟು ಇಳಿಸ್ರಿ, ಉಂಡು ಬರ್ತಾನ. ನಿಮ್ಮ ಯುದ್ಧ ಅಷ್ಟೊತ್ತು ನಿಂದರಲಿ."

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ದೊಡ್ಡವ್ವ ಕಲ್ಲಾಗಿದ್ದಳು. ಅವನು ದಂಡಿಗೆ ಹೊರಟ ದಿನ ರಾಯಚೂರು ಟೇಸನಿನಲ್ಲಿ ಬುತ್ತಿಗಂಟು ಹಿಡಿದು, ಬಿಳಿಯ ಸಾಹೇಬನ ಮುಂದೆ ಅವಳು ಅತ್ತು ಆಡಿದ್ದ ಮಾತು ಅದು. ಸೆರಗಿನಿಂದ ಮೂಗು ಒರೆಸುವುದನ್ನೂ ಅವನು ಬಿಟ್ಟಿರಲಿಲ್ಲ. ಥೂ, ಎಂಥ ಗಂಡಸು.

ಮನೆಗೆ ಬಂದವನೇ ದೊಡ್ಡಪ್ಪ ಅತ್ತ. "ಬಾಬು ಮೋಸ ಮಾಡಿದ. ನಮ್ಮ ಸೀಮ್ಯಾಗ ಆಡಂಗಿಲ್ಲಂತ ಮಾತು ಕೊಟ್ಟಿದ್ದ."

"ಬಾಬುಸಾಬಗ ಆ ಮಾತು ಹೇಳಿದವರು ಯಾರು?" ಎಂದು ದೊಡ್ಡವ್ವ ಕೇಳಿದಳು. ಅವಳೇ ಮುಂದುವರಿಸಿದಳು: "ನೀ ಸತ್ತೇ ಹೋಗ್ತಿ ಅಂತ ಅತ್ತಿದ್ದೆ ನಾನು. ಇನ್ನ ನಿನ್ನ ಮುಂದ ಬಾಯಿ ತೆಗಿಯಾಕ ಅಂಜಿಕಿ ಆಗತೈತಿ."

ಆಮೇಲೂ ಅವಳು ಅಡಿಗೆ ಮಾಡಿ ಹಾಕಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಅವನ ತಲೆ ಒತ್ತಿದಳು. ಅವನೊಡನೆ ಮಾತು ಮಾತ್ರ ಆಡಲಿಲ್ಲ. ವರ್ಷಗಳಾದ ಮೇಲೆ ಅವಳೇ ಜಡ್ಡು ಬಿದ್ದು ಕಡೆಗಾಲ ಬಂದಾಗ, ದೊಡ್ಡಪ್ಪ ಅವಳ ಕಾಲು ಹಿಡಿದು ಕೂತ. "ಏನರ ಒಂದು ಮಾತು ಹೇಳು, ಗ್ಯಾನಮ್ಮ."

ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ದೊಡ್ಡಪ್ಪನ್ನ ಹೊರಗ ಕಳಸವ್ವ. ನಿನಗ ಒಂದು ಮಾತು ಹೇಳೋದೈತಿ."