ಕೆರೆ ಏರಿಯ ತನಕ

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ರೇಷ್ಮೆ ಸೀರೆ ನೆನಪಾಗಬಹುದು, ನನಗೆ ಹಾಡು ನೆನಪಾಗುತ್ತದೆ. ಅಜ್ಜಂಪುರದ ನನ್ನ ದೊಡ್ಡಪ್ಪ ಕ್ಯಾಸೆಟ್ಟುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಕ್ಯಾಸೆಟ್ಟಿಗೆ ಯಾವ ನುಸಿ ಹಿಡಿಯುತ್ತದೋ ದೇವರೇ ಬಲ್ಲ. ಆ ಡಬ್ಬಿ ಈಗ ನನ್ನ ಬಳಿ ಇದೆ. ಮೊನ್ನೆ ಮುಚ್ಚಳ ತೆಗೆದರೆ ಗುಳಿಗೆ ಕರಗಿಹೋಗಿತ್ತು, ವಾಸನೆ ಹಾಗೇ ಇತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅವರ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ದೊಡ್ಡಪ್ಪನದು ಶೇಂಗಾ ಮಂಡಿ. ಸಂಜೆ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಟೇಪ್ ರೆಕಾರ್ಡರ್ ಮುಂದೆ ಕೂತರೆಂದರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕೊಂಡು ತಂದ ಕ್ಯಾಸೆಟ್ಟಿನ ಬೆನ್ನಿನ ಕಿಂಡಿಗೆ ಕಾಗದ ಅಂಟಿಸಿದರೆ ಹಾಡನ್ನು ಅಳಿಸಿ ಬೇರೇನಾದರೂ ರೆಕಾರ್ಡ್ ಮಾಡಬಹುದು. ಹಾಗೆ ಮಾಡುವವರನ್ನು "ಗುಡಿ ಕಲ್ಲು ಕಿತ್ತು ಒಲೆ ಹೂಡೋರು" ಎಂದು ಬೈಯುತ್ತಿದ್ದರು. ದೊಡ್ಡಪ್ಪ ದೇವರೆಂದೇ ತಿಳಿದಿದ್ದ ಒಬ್ಬ ಹಾಡುಗಾರರಿದ್ದರು. ಪ್ರಾಯದಲ್ಲಿ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ ಹಾಡು ಕಟ್ಟಿದವರು. ಮುಪ್ಪಿನಲ್ಲಿ ತಾವೇ ಹಾಡಿ ಒಂದು ಕ್ಯಾಸೆಟ್ಟು ತಂದರು. ಕಡೂರಿನಿಂದ ಅದನ್ನು ಕೊಂಡುತಂದ ದಿನ ದೊಡ್ಡಪ್ಪ ಊಟವನ್ನೇ ಮರೆತರು. ಉಸಿರು ಸಾಲದ, ನಡುಗುವ ದನಿ ಅದು. ನನಗಂತೂ ಸೇರಲಿಲ್ಲ.

ಕೊನೆಯ ಹಾಡು ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯದು. ಅದು ಶುರುವಾಗುತ್ತಲೇ ದೊಡ್ಡಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಇದು ನಮ್ಮವ್ವನ ಹಾಡು ಕಣ್ರೀ. ರಾಗಿ ಬೀಸ್ವಾಗ ಹೇಳೋಳು. ಕೊನೇ ಸಾಲು ಕೆಡ್ಸಿಬಿಟ್ಟಿದಾರೆ. ಹೊಸ್ತಿಲಲ್ಲೇ ನಿಂತ್ಕೊಂಡು ಮಗಳನ್ನ ಕಳಿಸ್ತಾರೇನ್ರೀ ಯಾರಾದ್ರೂ?"

ಅವಳ ತವರು ಬುಕ್ಕಾಂಬುಧಿ. ಅಲ್ಲಿ ತಾಯಿಯಾದವಳು ಕೆರೆ ಏರಿಯ ತನಕ ನಡೆದು ಬಂದು, ಅಲ್ಲಿಂದ ಹಿಂದಿರುಗಬೇಕು.

"ಅಂಥಾ ದೊಡ್ಡೋರು ನಿಮ್ಮವ್ವನ ಹಾಡು ಕದಿಯಕ್ಕೆ ಬುಕ್ಕಾಂಬುಧಿಗೆ ಬಂದಿದ್ರೇನೇ?" ಎಂದು ದೊಡ್ಡಪ್ಪ ನಕ್ಕರು. ನಾವೆಲ್ಲ ನಕ್ಕೆವು. ಅಂದಿನಿಂದ ಆ ಹಾಡು ಬಂದಾಗಲೆಲ್ಲ ದೊಡ್ಡಮ್ಮ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು. ಸತ್ತ ಅವ್ವನದೊಂದು ಫೋಟೋ ಕೂಡ ಅವಳ ಬಳಿ ಇರಲಿಲ್ಲ. ಇದ್ದದ್ದು ಆ ಹಾಡೊಂದೇ, ಅದೂ ಇನ್ನೊಬ್ಬರ ಪಾಲಾಗಿತ್ತು. "ನಿಮ್ಮವ್ವನ ಹಾಡು ಹಾಕ್ಲೇನೇ?" ಎಂಬ ದೊಡ್ಡಪ್ಪನ ತಮಾಷೆ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.

ಈಗ ಇಬ್ಬರೂ ಇಲ್ಲ. ಮೊನ್ನೆ ಆ ಕ್ಯಾಸೆಟ್ಟನ್ನೇ ಹಾಕಿದೆ. ಆ ಮುದಿ ದನಿ ಈಗ ಯಾಕೋ ಹಿತವೆನಿಸಿತು. ಕೊನೆಯ ಹಾಡಿನ ಕೊನೆಯ ಸಾಲು ಬರಬೇಕು, ಟಕ್ಕೆಂದಿತು. ಹಾಡು ನಿಂತು ಯಾವುದೋ ಕೋಣೆಯ ಗುಂಯ್ ಸದ್ದು. ಆಮೇಲೆ ದೊಡ್ಡಪ್ಪನ ದನಿ: "ಹೇಳೇ, ಓಡ್ತಾ ಇದೆ. ನಿಮ್ಮವ್ವ ಹೇಳ್ದಂಗೇ ಹೇಳು."

ಕ್ಯಾಸೆಟ್ಟು ತೆಗೆದು ನೋಡಿದೆ. ಬೆನ್ನಿನ ಕಿಂಡಿಗೆ ಹಳದಿಗಟ್ಟಿದ ಕಾಗದ ಅಂಟಿಸಿತ್ತು. ಇದು ನಡೆದದ್ದು ಯಾವಾಗ? ದೊಡ್ಡಪ್ಪ ಅವಳ ಮಾತನ್ನು ನಂಬಿದ್ದರೇ, ಬರೀ ಸಮಾಧಾನಕ್ಕೆ ಮಾಡಿದರೇ? ನಂಬಿದ್ದರೆ ನಮ್ಮೆದುರು ಯಾಕೆ ಹಾಸ್ಯ ಮಾಡುತ್ತಲೇ ಇದ್ದರು? ಹಾಡು ನಿಜಕ್ಕೂ ಯಾರದು? ಒಂದೂ ತಿಳಿಯದು. ಕೇಳೋಣವೆಂದರೆ ಯಾರೂ ಉಳಿದಿಲ್ಲ.

ಮತ್ತೆ ಹಾಕಿದೆ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು, ನಾಚುತ್ತ ನಾಚುತ್ತ ಹೇಳಿದಳು: "ಕೆರೆ ಏರಿ ತನಕ ಬಂದೆ ಮಗಳೇ, ಇನ್ನು ನೀನೇ ಹೋಗು."



"ಇನ್ನೊಂದ್ಸಲ ಹೇಳೇ," ಅಂದರು ದೊಡ್ಡಪ್ಪ. ಅವರ ದನಿ ಒಡೆದಿತ್ತು. ಅಷ್ಟಕ್ಕೆ ಟೇಪು ಮುಗಿಯಿತು.