ಸಣ್ಣ ಸೊಸೆ ತವರಿಗೆ ಹೋದ ನಾಲ್ಕು ಭಾನುವಾರ

ಅಕ್ಟೋಬರ್ ೧೨, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಪುಸ್ತಕಗಳನ್ನು ಬಿಸಿಲಿಗೆ ಹರವಿ ಬಂದು ಕೈ ಮೂಸಿ ನೋಡಿಕೊಂಡರೆ ತಂಬಾಕಿನ ವಾಸನೆ. ನನಗೆ ಆ ಚಟವಿಲ್ಲ, ನಂಬಿ. ನಿಪ್ಪಾಣಿಯ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಕಾದಂಬರಿಯ ವಾಸನೆ ಅದು. ಹುಳ ಹಿಡಿಯದಿರಲೆಂದು ಹಿಂದೆ ಯಾರೋ ಅದರೊಳಗೆ ತಂಬಾಕಿನ ಎಲೆ ಇಟ್ಟಿದ್ದರು. ವಿಕ್ಟೋರಿಯಾ ರಾಣಿಯ ಕಾಲದ ಕಥೆ. ಅರವತ್ತೆರಡು ಅಧ್ಯಾಯ, ಎಂಟುನೂರ ಹದಿನಾಲ್ಕು ಪುಟ.

ಇಷ್ಟು ದೊಡ್ಡದನ್ನು ಒಬ್ಬಳೇ ಓದುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಐನಾಪುರದ ಐದು ಮನೆಯವರು ಸೇರಿ ಓದತೊಡಗಿದೆವು. ಊರಿನವರು ಇದನ್ನು ಪುಸ್ತಕ ಕೂಟ ಎಂದು ಕರೆಯಲಿಲ್ಲ. “ಅಕ್ಕೋರು ಇಂಗ್ಲಿಷ್ ಪುರಾಣ ಹಚ್ಚ್ಯಾರ” ಅಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಎಲ್ಲರಿಗೂ ಅಕ್ಕೋರು. ನಿಜಕ್ಕೂ ನಾವು ಓದಿದ್ದು ಪುರಾಣದ ಪದ್ಧತಿಯಲ್ಲೇ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸಿ ನಿವೃತ್ತರಾದ ಅಪ್ಪಾಸಾಹೇಬ ಕಾಕಾ ಮೂಲವನ್ನು ಗಟ್ಟಿಯಾಗಿ ಓದುವುದು, ನಾನು ಕನ್ನಡದಲ್ಲಿ ಬಿಡಿಸಿ ಹೇಳುವುದು. ಭಾನುವಾರ ಮಧ್ಯಾಹ್ನ ಎರಡು ಅಧ್ಯಾಯ, ಸರದಿಯಂತೆ ಒಂದೊಂದು ಮನೆ. ಓದಾದ ಮೇಲೆ ಪುಸ್ತಕ ಒಂದು ವಾರ ಅದೇ ಮನೆಯಲ್ಲಿ ಇರಬೇಕು. ಈ ಕೊನೆಯ ನಿಯಮ ನನ್ನದೇ. ಹಲ್ಲುನೋವಿಗೂ ತಾರೀಖು ಬರೆದಿಡುವವಳು ನಾನು. ನಿಯಮ ಮಾಡುವುದೆಂದರೆ ಹಬ್ಬದೂಟ ಉಂಡಷ್ಟು ಸಂತೋಷ.

ಹದಿನೈದನೆಯ ಭಾನುವಾರ ಸುಮಿತ್ರಾ ಕಾಕು ಅವರ ಮನೆಯ ಸರದಿ. ಕಾಕು ಅಂದರೆ ಚಿಕ್ಕಮ್ಮ; ಕಾಕಾ ಅವರ ಮನೆಯವರಲ್ಲ, ದ್ರಾಕ್ಷಿ ತೋಟದವರು. ಕಾಕುಗೆ ಇಂಗ್ಲಿಷ್ ಬಾರದು, ಸೊಸೆ ರೂಪಾ ಬಿ.ಎ. ಓದಿದವಳು. ಎರಡು ವರ್ಷದ ಹಿಂದೆ ದಿನ ತುಂಬಿ ಹುಟ್ಟಿದ ರೂಪಾಳ ಮೊದಲ ಕೂಸು ಅಳಲೇ ಇಲ್ಲ. ಈಗ ಮತ್ತೆ ಬಸುರಿ. ಹಿಂದಿನ ದಿನವೇ ಕಾಕು ನನ್ನನ್ನು ಹುಡುಕಿಕೊಂಡು ಬಂದರು.

“ಅಕ್ಕೋರ, ನಾಳಿ ಪಾಠದಾಗ ಸಾವು-ನೋವು ಏನಿಲ್ಲಲ್ಲ?”

ಇತ್ತು. ಅರ್ಥ ಹೇಳಬೇಕಾದವಳೆಂದು ಮುಂದಿನ ಪಾಠವನ್ನು ಮೊದಲೇ ಓದಿಕೊಂಡಿರುತ್ತಿದ್ದೆ. ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ಗಿರಣಿ ಮಾಲೀಕನ ಸಣ್ಣ ಸೊಸೆ ಹೆರಿಗೆಯಲ್ಲಿ ಸಾಯುತ್ತಾಳೆ. ಅವಳ ಹೆಸರು ನಮ್ಮ ಬಾಯಿಗೆ ಹೊಂದದೆ ಎಲ್ಲರೂ ‘ಸಣ್ಣ ಸೊಸಿ’ ಎಂದೇ ಕರೆಯುತ್ತಿದ್ದೆವು. ಎಲ್ಲರಿಗೂ ಅವಳ ಮೇಲೆ ಪ್ರೀತಿ.

“ಬಸುರಿ ಇರೋ ಮನ್ಯಾಗ ಅದನ್ನ ಓದಬಾರದವಾ. ದಾಟಿಸಿಬಿಡು,” ಅಂದರು ಕಾಕು.

ದಾಟಿಸಿದೆ. ಕಾಕಾ ಮರೆತು ಓದಿಬಿಟ್ಟಾರೆಂದು ಆ ಅಧ್ಯಾಯದ ಹಾಳೆಗಳನ್ನು ಸೇರಿಸಿ ಮೂರು ಗುಂಡುಪಿನ್ನು ಚುಚ್ಚಿದೆ. ದಿನಚರಿಯಲ್ಲಿ ‘ಬಿಟ್ಟದ್ದು’ ಎಂಬ ಹೊಸ ಕಾಲಂ ಎಳೆದು ‘ಹದಿಮೂರು ಪುಟ’ ಎಂದು ಬರೆದೆ. ಆಮೇಲೆ, ನನ್ನದೇ ನಿಯಮದಂತೆ, ಪುಸ್ತಕವನ್ನು ಅದೇ ಮನೆಯಲ್ಲಿ ಬಿಟ್ಟುಬಂದೆ.

ಸತ್ತವಳನ್ನು ಕಥೆಯಲ್ಲಿ ಬದುಕಿಸಿ ಇಡುವುದು ಎಂಥ ಕಷ್ಟವೆಂದು ಮುಂದಿನ ವಾರ ತಿಳಿಯಿತು. “ಸಣ್ಣ ಸೊಸಿ ಎಲ್ಲಿ ಅದಾಳ?” ಎಂದು ಒಬ್ಬರು ಕೇಳಿದರು. “ತವರಿಗೆ ಹೋಗ್ಯಾಳ್ರಿ,” ಅಂದೆ. ಅದರ ಮುಂದಿನ ವಾರವೂ ತವರಿನಲ್ಲೇ. ಗಂಡ ಕಪ್ಪು ಬಟ್ಟೆ ಹಾಕಿಕೊಂಡು ಕಿಟಕಿಯ ಬಳಿ ಕೂತರೆ, ಅಗಲಿಕೆಯ ಬೇಸರ ಅಂದೆ.

ಕಾಕಾ ನಗು ತಡೆದುಕೊಂಡು, “ಇಂಗ್ಲಂಡದಾಗೂ ಕುಬಸ ಮಾಡಿ ಕಳಸ್ತಾರೇನ ಅಕ್ಕೋರ?” ಎಂದು ಕೆಣಕಿದರು. ಕುಬಸವೆಂದರೆ ನಮ್ಮ ಕಡೆ ಸೀಮಂತ. ಎಲ್ಲರೂ ನಕ್ಕರು. ಅತ್ತೆಯ ಜೊತೆ ಬಂದಿದ್ದ ರೂಪಾ ಮಾತ್ರ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ನಾನದನ್ನು ನೋಡಿದೆ, ಆಯಾಸವೆಂದುಕೊಂಡೆ.

ನಾಲ್ಕು ಭಾನುವಾರ ಹೀಗೆ ಕಳೆದು, ಇಪ್ಪತ್ತನೆಯದಕ್ಕೆ ಮತ್ತೆ ಕಾಕು ಮನೆಗೆ ಬಂದೆವು. ರೂಪಾಳ ಕುಬಸ ಆಗಿತ್ತು. ಮುಂದಿನ ವಾರ ಅವಳು ಹೆರಿಗೆಗೆ ತವರೂರು ಬೋರಗಾಂವಕ್ಕೆ ಹೊರಡುವವಳು. ಕಾಕಾ ಕನ್ನಡಕ ಏರಿಸಿ ಮೂವತ್ತೊಂಬತ್ತನೆಯ ಅಧ್ಯಾಯ ತೆರೆದರು.

“ಅದಲ್ರಿ ಕಾಕಾ,” ಅಂದಳು ರೂಪಾ. “ಪಿನ್ ಚುಚ್ಚಿದ್ದ ಪಾಠ ಓದ್ರಿ.”

ಕಾಕಾ ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದರು.

“ನಾ ಅವತ್ತ ಸಂಜಿಗೇ ಪಿನ್ ತಗದು ಓದೀನ್ರಿ ಅಕ್ಕೋರ. ಓದಿ ಮತ್ತ ಚುಚ್ಚಿಟ್ಟೀನಿ.”

“ಯಾಕ ಓದೀವಾ ಅದನ್ನ? ಅಂಜಿಕಿ ಬರತೈತಿ,” ಅಂದರು ಕಾಕು.

“ಅದನ್ನ ಓದಿ ಅಂಜಿಕಿ ಬರಲಿಲ್ಲರಿ ಅತ್ತಿ. ನೀವೆಲ್ಲಾರೂ ಕೂಡಿ ಅಕಿನ್ನ ತವರಿಗೆ ಕಳಿಸಿದ್ರಲ್ಲ, ಅದಕ್ಕ ಬಂತು. ನಾನೂ ಈಗ ತವರಿಗೆ ಹೊಂಟೀನಿ. ನನಗೇನಾರ ಆದ್ರ ನನ್ನ ಸುದ್ದೀನೂ ಹಿಂಗ ಮುಚ್ಚತೀರೇನು? ಆ ಕೂಸಿನ ಮಾತು ಈ ಮನ್ಯಾಗ ಎರಡು ವರ್ಷದಾಗ ಯಾರಾರ ಒಮ್ಮೆ ಆಡೀರೇನು?”

ಅವಳ ದನಿ ಏರಲಿಲ್ಲ. ಮಾರುಕಟ್ಟೆಯ ಚೀಟಿ ಓದಿದಂತೆ ಹೇಳಿದಳು. ನನಗೆ ನನ್ನ ಕಾಲಂ ನೆನಪಾಗಿ ಮುಖ ಬಿಸಿಯಾಯಿತು. ಹದಿಮೂರು ಪುಟ ಬಿಟ್ಟೆನೆಂದು ಎಷ್ಟು ನಿಖರವಾಗಿ ಬರೆದಿದ್ದೆ! ಯಾರನ್ನು ಕೇಳಿ ಬಿಟ್ಟೆ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಕಾಕು ಕೈಚಾಚಿ ಪುಸ್ತಕ ತೆಗೆದುಕೊಂಡು, ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಕಾಕಾಗೆ ಕೊಟ್ಟರು. “ಓದ್ರಿ.”

ಕಾಕಾ ಓದಿದರು. ನಾನು ಒಂದು ಸಾಲೂ ಬಿಡದೆ ಹೇಳಿದೆ. ಸಣ್ಣ ಸೊಸೆ ಬೆಳಗಿನ ಹೊತ್ತು ಸತ್ತಳು. ಮನೆಯವರು ಅವಳ ಹೆಸರು ಹಿಡಿದು ಅತ್ತರು. ಓದು ಮುಗಿದ ಮೇಲೆ ಚಹಾ ತರಲು ಯಾರೂ ಏಳಲಿಲ್ಲ. ಕಾಕು ಸೊಸೆಯ ಕಡೆ ನೋಡದೆಯೇ ಹೇಳಿದರು:

“ಅದರ ತಲ್ಯಾಗ ಕೂದಲ ಭಾಳ ಇದ್ವು. ಕರ್ರಗ. ಅಪ್ಪನ್ನ ಹೋಲತಿತ್ತು.”

“ನನಗ ಯಾರೂ ತೋರಿಸಲಿಲ್ಲ,” ಅಂದಳು ರೂಪಾ.

“ನಾ ಎತಗೊಂಡಿದ್ದೆ,” ಅಂದರು ಕಾಕು. “ಕೇಳು, ಹೇಳತೀನಿ.”

ನಾವು ಉಳಿದವರು ಎದ್ದು ಹೊರಗೆ ಪಡಸಾಲೆಗೆ ಬಂದೆವು. ಆ ಭಾನುವಾರ ಮುಂದಿನ ಅಧ್ಯಾಯ ಓದಲಿಲ್ಲ. ನನ್ನ ವೇಳಾಪಟ್ಟಿ ಒಂದು ವಾರ ಹಿಂದೆ ಬಿತ್ತು, ಕೊನೆಯವರೆಗೂ ಹಿಂದೆಯೇ ಉಳಿಯಿತು.

ರೂಪಾಳಿಗೆ ಮಗಳು ಹುಟ್ಟಿದ್ದಾಳೆ. ಇಂದಿಗೆ ನಲವತ್ತೊಂದು ದಿನ. ಕಾಕು ಬೋರಗಾಂವಕ್ಕೆ ಹೋಗಿ ನೋಡಿಬಂದು, “ಇದು ಎರಡನೇದು,” ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ಮೊದಲಾದರೆ ಅವರು ಹಾಗೆ ಎಣಿಸುತ್ತಿರಲಿಲ್ಲ.

ಮುಂದಿನ ತಿಂಗಳು ಇನ್ನೊಂದು ದಪ್ಪ ಪುಸ್ತಕ ಹಚ್ಚುವವರಿದ್ದೇವೆ. ಬಸುರಿಯ ಮುಂದೆ ಸಾವಿನ ಅಧ್ಯಾಯ ಓದಬಾರದೆಂಬ ಪದ್ಧತಿ ಎಲ್ಲಿಂದ ಬಂತೋ ನನಗೆ ತಿಳಿಯದು. ಅದನ್ನು ಮಾಡಿದವರಿಗೂ ಏನೋ ಕಾರಣ ಇದ್ದಿರಬೇಕು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಪುರಾಣ ಓದುವ ಮನೆಗಳಲ್ಲಿ ಅಂಥ ಅಧ್ಯಾಯ ಬಂದಾಗ ಏನು ಮಾಡುತ್ತಿದ್ದರು, ದಾಟಿಸುವ ಮೊದಲು ಆ ಹೆಣ್ಣುಮಗಳನ್ನು ಯಾರಾದರೂ ಒಂದು ಮಾತು ಕೇಳುತ್ತಿದ್ದರೇ? ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.